ಬಾವುಟ ಬೀಸುವ ಮೊದಲು

ಕರ್ನಾಟಕದಿಂದ ಯುರೋಪಿಗೆ ಬೈಕಿನಲ್ಲಿ ಹೋಗಬೇಕೆಂದು ಮನಸ್ಸು ಮಾಡಿರುವ ಯುವಕ ಯುವತಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಸವಾರರೇ,



ಪ್ರತಿ ವರ್ಷ ಮಳೆಗಾಲ ಇಳಿಯುತ್ತಿದ್ದಂತೆ ನಿಮ್ಮಲ್ಲಿ ಕೆಲವರು ನನ್ನನ್ನು ಹುಡುಕಿಕೊಂಡು ಬರುತ್ತೀರಿ, ಕೆಲವರು ಫೋನ್ ಮಾಡುತ್ತೀರಿ. ನಾನೂ ಆ ದಾರಿಯಲ್ಲಿ ಹೋಗಿ ಬಂದವನು ಎಂದು ಯಾರೋ ಹೇಳಿರುತ್ತಾರೆ. ಮಾತು ಶುರುವಾಗುವುದು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ. ನವೆಂಬರ್ ಒಂದಕ್ಕೆ ಹೊರಡುತ್ತೇವೆ, ರಾಜ್ಯೋತ್ಸವದ ದಿನ ಗಣ್ಯರೊಬ್ಬರು ಹಳದಿ ಕೆಂಪು ಬಾವುಟ ಬೀಸಿ ಕಳಿಸಿಕೊಡುತ್ತಾರೆ, ಇಷ್ಟು ದಿನದಲ್ಲಿ ಲಂಡನ್ ಮುಟ್ಟುತ್ತೇವೆ, ಪ್ರಾಯೋಜಕರಿಗೂ ಹೇಳಿಯಾಗಿದೆ. ಆಮೇಲೆ ಪ್ರಶ್ನೆ: ಯಾವ ದಾರಿ ಒಳ್ಳೆಯದು?

ನಿಮ್ಮ ಉತ್ಸಾಹ ಕಂಡು ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಆದರೆ ಪ್ರತಿ ಸಲವೂ ಅದರ ಹಿಂದೆಯೇ ಭಯವೂ ಬರುತ್ತದೆ. ಆ ಭಯವನ್ನು ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ನನ್ನ ಬೇಡಿಕೆ ಒಂದೇ: ಹೊರಡುವ ದಿನವನ್ನು ಕಟ್ಟಕಡೆಗೆ ಗೊತ್ತುಮಾಡಿ. ಕಾಗದಪತ್ರ, ದಾರಿ, ಹವಾಮಾನ, ಮನೆಯವರ ಒಪ್ಪಿಗೆ ಎಲ್ಲವೂ ಕೂಡಿಬಂದ ಮೇಲೆ ಅವೇ ನಿಮಗೊಂದು ದಿನವನ್ನು ತೋರಿಸಿಕೊಡುತ್ತವೆ. ಮೊದಲು ದಿನ ಹೇಳಿಬಿಟ್ಟರೆ ಮುಂದಿನ ಪ್ರತಿಯೊಂದು ತೀರ್ಮಾನವನ್ನೂ ಆ ದಿನವೇ ನಿಮ್ಮ ಕೈಯಿಂದ ಕಿತ್ತುಕೊಂಡು ತಾನೇ ಮಾಡತೊಡಗುತ್ತದೆ.

ನವೆಂಬರ್ ಒಂದನ್ನೇ ತೆಗೆದುಕೊಳ್ಳಿ. ಬೈಕನ್ನು ಮುಂಬೈಗೆ ಓಡಿಸಿ, ಪೆಟ್ಟಿಗೆ ಕಟ್ಟಿಸಿ, ಕಸ್ಟಮ್ಸ್ ಮುಗಿಸಿ, ನ್ಹಾವಾ ಶೇವಾ ಬಂದರಿನಿಂದ ದುಬೈನ ಜೆಬೆಲ್ ಅಲಿಗೆ ಕಳಿಸಿ, ಅಲ್ಲಿ ಬಿಡಿಸಿಕೊಂಡು, ಮತ್ತೆ ಹಡಗು ಹತ್ತಿಸಿ ಇರಾನಿನ ಬಂದರ್ ಅಬ್ಬಾಸ್‌ಗೆ ಇಳಿಸುವಷ್ಟರಲ್ಲಿ ನವೆಂಬರ್ ಮುಗಿದಿರುತ್ತದೆ. ಅಲ್ಲಿಂದ ಟೆಹ್ರಾನ್ ಸುಮಾರು 1,300 ಕಿಲೋಮೀಟರ್, ಟೆಹ್ರಾನ್‌ನಿಂದ ಟರ್ಕಿಯ ಗಡಿಯಾದ ಬಜರ್ಗಾನ್ ಇನ್ನೊಂದು ಒಂಬೈನೂರು. ಬಜರ್ಗಾನ್ ದಾಟಿದ ಕೂಡಲೇ ಎದುರಿಗೆ 5,137 ಮೀಟರ್ ಎತ್ತರದ ಅರಾರತ್ ಪರ್ವತ ನಿಂತಿರುತ್ತದೆ. ಅದರ ಬುಡದ ದೋವುಬಯಾಝಿತ್‌ನಿಂದ ಎರ್ಜುರುಮ್‌ವರೆಗೆ ಎತ್ತರದ ಪ್ರಸ್ಥಭೂಮಿ. ಎರ್ಜುರುಮ್ ಊರೇ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಯ ಶಿಖರದಷ್ಟು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅಲ್ಲಿ ಉಷ್ಣಾಂಶ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ನಾನು ಆ ರಸ್ತೆಯಲ್ಲಿ ಹೋದದ್ದು ವಸಂತದಲ್ಲಿ. ಆಗಲೂ ರಸ್ತೆಯ ಎರಡೂ ಬದಿ ಮೊಣಕಾಲೆತ್ತರದ ಹಿಮ ಕರಗದೆ ಉಳಿದಿತ್ತು, ಸಂಜೆಯಾದಂತೆ ಕ್ಲಚ್ ಹಿಡಿದ ಬೆರಳುಗಳಿಗೆ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ. ನೀರು ಹೆಪ್ಪುಗಟ್ಟಿ ಕರಿ ಡಾಂಬರಿನ ಮೇಲೆ ಕಾಣದಂತೆ ಕೂತಿರುವ ಮಂಜುಗಡ್ಡೆಯ ಮೇಲೆ ಎರಡು ಚಕ್ರದ ಗಾಡಿಯನ್ನು ನಿಲ್ಲಿಸಬಲ್ಲ ಟೈರನ್ನು ನಾನಂತೂ ಕಂಡಿಲ್ಲ. ರಾಜ್ಯೋತ್ಸವದ ಅಭಿಮಾನ ದೊಡ್ಡದು, ಆದರೆ ಅದನ್ನು ತೋರಿಸಲು ಅರಾರತ್‌ನ ಚಳಿಗಾಲದ ಮುಂದೆ ನಿಲ್ಲಬೇಕಾಗಿಲ್ಲ.

ಹಾಗೆಂದು ಬೇಸಗೆಯ ನಟ್ಟನಡುವೆ ಹೊರಡುವುದೂ ಸರಿಯಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪರ್ಷಿಯನ್ ಕೊಲ್ಲಿಯ ಎರಡೂ ದಡಗಳಲ್ಲಿ ನಲವತ್ತು ಡಿಗ್ರಿ ಮೀರಿದ ಬಿಸಿಲಿರುತ್ತದೆ, ಅದರ ಮೇಲೆ ಮೈಗೆ ಅಂಟುವ ತೇವ. ರೈಡಿಂಗ್ ಜಾಕೆಟ್ ತೊಟ್ಟು ಕಸ್ಟಮ್ಸ್ ಅಂಗಳದಲ್ಲಿ ಗಂಟೆಗಟ್ಟಲೆ ನಿಲ್ಲುವುದು ಆರೋಗ್ಯವಂತನನ್ನೂ ಮಲಗಿಸುತ್ತದೆ. ಇವೆರಡರ ನಡುವೆ ಉಳಿಯುವುದು ವಸಂತದ ಒಂದು ಕಿಂಡಿ. ಏಪ್ರಿಲ್‌ನಲ್ಲಿ ಕೊಲ್ಲಿ ದಾಟಿದರೆ ಮೇ ತಿಂಗಳಲ್ಲಿ ಟರ್ಕಿ, ಜೂನ್‌ನಲ್ಲಿ ಯುರೋಪ್. ಅದರಲ್ಲೂ ಒಂದು ಸೂಕ್ಷ್ಮವಿದೆ. ಇರಾನಿನವರ ಹೊಸ ವರ್ಷ ನೌರೂಜ್ ಬರುವುದು ಮಾರ್ಚ್ 20 ಅಥವಾ 21ಕ್ಕೆ, ನಮ್ಮ ಯುಗಾದಿಯ ಆಸುಪಾಸಿನಲ್ಲೇ. ಹದಿಮೂರನೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಉಂಡು ಹಬ್ಬ ಮುಗಿಸುತ್ತದೆ. ಆ ಎರಡು ವಾರ ಕಚೇರಿಗಳು ಅರ್ಧ ಮುಚ್ಚಿರುತ್ತವೆ, ರಸ್ತೆಗಳು ತುಂಬಿರುತ್ತವೆ, ವಸತಿ ಸಿಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಯುಗಾದಿಯ ಬೇವುಬೆಲ್ಲ ತಿಂದು, ಏಪ್ರಿಲ್ ಮೊದಲ ವಾರದ ನಂತರ ಬಂದರ್ ಅಬ್ಬಾಸ್‌ನಲ್ಲಿ ಇಳಿಯುವಂತೆ ಲೆಕ್ಕ ಹಾಕಿ. ಬಾವುಟ ಬೇಕೇ ಬೇಕೆಂದರೆ ಯುಗಾದಿಯ ದಿನ ಬೀಸಿಸಿಕೊಳ್ಳಿ.

ಇನ್ನು ದಾರಿ. ಭೂಪಟದಲ್ಲಿ ಬೆರಳಿಟ್ಟು ಎಳೆದರೆ ಅಮೃತಸರ, ಲಾಹೋರ್, ಕಾಬೂಲ್, ಟೆಹ್ರಾನ್, ಇಸ್ತಾಂಬುಲ್ ಎಂದು ನೇರವಾಗಿ ಬರುತ್ತದೆ. ಒಂದು ಕಾಲದಲ್ಲಿ ಜನ ಹಾಗೆಯೇ ಓಡಾಡಿದರು. 1957ರಲ್ಲಿ ಲಂಡನ್‌ನಿಂದ ಕಲ್ಕತ್ತಾಕ್ಕೆ ಬಸ್ಸೇ ಬಂದಿತ್ತು. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ಆ ಹೆದ್ದಾರಿ ಅಲ್ಲಿಗೆ ಮುಗಿಯಿತು. ಅಟಾರಿ ವಾಘಾ ಗಡಿಯಲ್ಲಿ ಭಾರತದ ಬೈಕು ದಾಟಿಸುವ ಮಾತು ಮೊದಲೂ ಕಷ್ಟವೇ ಇತ್ತು, 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಆ ಚೆಕ್‌ಪೋಸ್ಟೇ ಮುಚ್ಚಿತು. ಉತ್ತರಕ್ಕೆ ನೇಪಾಳ, ಟಿಬೆಟ್, ಕಿರ್ಗಿಸ್ತಾನದ ಮೂಲಕ ಒಂದು ದಾರಿಯಿದೆ. ಅಲ್ಲಿ ಚೀನಾದ ನೆಲದಲ್ಲಿ ಮಾರ್ಗದರ್ಶಕನನ್ನು ಜೊತೆಗಿಟ್ಟುಕೊಳ್ಳಲೇಬೇಕು, ತಾತ್ಕಾಲಿಕ ಲೈಸೆನ್ಸ್, ನಂಬರ್ ಪ್ಲೇಟ್ ಮಾಡಿಸಬೇಕು. ಖರ್ಚು ಗುಂಪಿಗಷ್ಟೇ ತಾಳುತ್ತದೆ. 2025ರ ಜುಲೈನಲ್ಲಿ ಆ ದಾರಿಯಲ್ಲಿ ನೇಪಾಳ, ಟಿಬೆಟ್ ನಡುವಿನ ರಸುವಾಗಢಿಯ ಗಡಿ ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಯಿತು. ಜಾರ್ಜಿಯಾದಿಂದ ಅಜರ್‌ಬೈಜಾನ್‌ಗೆ ಹೋಗಿ ಕ್ಯಾಸ್ಪಿಯನ್ ಸಮುದ್ರ ದಾಟೋಣ ಎಂದುಕೊಂಡರೆ ಆ ದೇಶ 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಮುಚ್ಚಿದ ಭೂಗಡಿಯನ್ನು ವರ್ಷಗಟ್ಟಲೆ ತೆರೆಯಲೇ ಇಲ್ಲ.

ಪೂರ್ವದ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮಲ್ಲಿ ಹಲವರಿಗೆ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ ಅವರೇ ಸ್ಫೂರ್ತಿ. 2018ರಲ್ಲಿ ಅವರು ಬಜಾಜ್ ಡೊಮಿನಾರ್ ಏರಿ ಬೆಂಗಳೂರಿನಿಂದ ಸಿಡ್ನಿಯವರೆಗೆ ಹೋದರು. ಅದೇ ವರ್ಷದ ಆಗಸ್ಟ್‌ನಲ್ಲಿ ಮಣಿಪುರದಿಂದ ಮ್ಯಾನ್ಮಾರ್‌ಗೆ ದಾಟುವ ಮೋರೆ ಗಡಿ ಪಾಸ್‌ಪೋರ್ಟ್ ಇದ್ದವರಿಗೆ ಅಧಿಕೃತವಾಗಿ ತೆರೆದಿತ್ತು. ಆಮೇಲೆ ಕೋವಿಡ್ ಬಂತು, 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೇನಾದಂಗೆಯಾಯಿತು, 2023ರ ಮೇ ತಿಂಗಳಲ್ಲಿ ಮಣಿಪುರವೇ ಹೊತ್ತಿ ಉರಿಯಿತು. ಅವರು ಹೊರಟ ಕಾಲ ತೆರೆದಿದ್ದ ಕಾಲ. ಬಾಗಿಲು ತೆರೆದಾಗ ಹೊರಡಲು ಸಿದ್ಧರಾಗಿರುವುದು ಒಂದು ರೀತಿ, ಬಾಗಿಲನ್ನೇ ನೋಡದೆ ದಿನ ಗೊತ್ತುಮಾಡುವುದು ಇನ್ನೊಂದು ರೀತಿ.

ಇರಾನಿನ ದಾರಿಯೂ ಎಂದಿಗೂ ತೆರೆದಿರುತ್ತದೆಂದು ನಂಬಬೇಡಿ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ನಡೆದಾಗ ನಮ್ಮ ಸರ್ಕಾರ ‘ಆಪರೇಷನ್ ಸಿಂಧು’ ಹೆಸರಿನಲ್ಲಿ ಭಾರತೀಯರನ್ನು ಅಲ್ಲಿಂದ ಕರೆತರಬೇಕಾಯಿತು. ನಾನು ಮೇಲೆ ಹೇಳಿದ ವಸಂತದ ಲೆಕ್ಕವನ್ನು ಪಾಲಿಸಿದವರೂ ಆ ದಿನಗಳಲ್ಲಿ ಸಿಕ್ಕಿಬೀಳಬಹುದಿತ್ತು. ಆದ್ದರಿಂದ ವಿದೇಶಾಂಗ ಸಚಿವಾಲಯ ಇರಾನಿಗೆ ಹೋಗಬೇಡಿ ಎಂದಿರುವ ಕಾಲದಲ್ಲಿ ಹೋಗಲೇಬೇಡಿ. ಆಗ ಬೈಕನ್ನು ವಿಮಾನದಲ್ಲೋ ಹಡಗಿನಲ್ಲೋ ಟರ್ಕಿಗೇ ಕಳಿಸಿ ಅಲ್ಲಿಂದ ಶುರುಮಾಡಿ. ಪೂರ್ತಿ ನೆಲದ ಮೇಲೆಯೇ ಹೋಗಬೇಕು, ಇಲ್ಲವಾದರೆ ಅದು ಪ್ರಯಾಣವೇ ಅಲ್ಲ ಎನ್ನುವ ಹಟ ನಿಮ್ಮಲ್ಲಿ ಕೆಲವರಿಗಿದೆ. ದಯವಿಟ್ಟು ಬಿಡಿ. ಟ್ರಯಂಫ್ ಏರಿ ಜಗತ್ತು ಸುತ್ತಿದ ಟೆಡ್ ಸೈಮನ್ ಲಂಡನ್ ಬಿಟ್ಟದ್ದು 1973ರ ಅಕ್ಟೋಬರ್‌ನಲ್ಲಿ, ಅವರು ಹಾಯಬೇಕಾಗಿದ್ದ ಈಜಿಪ್ಟ್ ಯುದ್ಧಕ್ಕಿಳಿದ ತಿಂಗಳಲ್ಲೇ. ಅವರು ಮನೆಗೆ ಮರಳಿದ್ದು 1977ರಲ್ಲಿ, ನಡುವೆ ಸಮುದ್ರಗಳನ್ನು ಹಡಗಿನಲ್ಲೇ ದಾಟಿದರು. ಅವರ ಪ್ರಯಾಣವನ್ನು ಯಾರೂ ಕಡಿಮೆಯದೆನ್ನುವುದಿಲ್ಲ.

ವೀಸಾದ ವಿಷಯದಲ್ಲಿ ನಿಮಗೆ ವಿಚಿತ್ರವೆನಿಸಬಹುದಾದ ಒಂದು ಮಾತು. ಈ ಪ್ರಯಾಣದ ಯೋಜನೆ ಲಂಡನ್‌ನಿಂದ ಹಿಂದಕ್ಕೆ ಬರಬೇಕು. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಟರ್ಕಿಯ ಇ-ವೀಸಾ ಸಿಗುವುದು ಕೈಯಲ್ಲಿ ಶೆಂಗೆನ್, ಬ್ರಿಟನ್, ಅಮೆರಿಕದಂಥ ದೇಶದ ಚಾಲ್ತಿ ವೀಸಾ ಇದ್ದರೆ ಮಾತ್ರ, ಅದೂ 30 ದಿನಕ್ಕೆ. ಎಂದರೆ ದಾರಿಯ ಕೊನೆಯ ಬಾಗಿಲಿನ ಚೀಟಿ ಸಿಕ್ಕಮೇಲೆಯೇ ನಡುವಿನ ಬಾಗಿಲು ತೆರೆಯುತ್ತದೆ. ಶೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಬ್ರಿಟನ್ನಿನದಕ್ಕೆ ಮೂರು ತಿಂಗಳ ಮೊದಲಿನಿಂದ ಮಾತ್ರ. ಶೆಂಗೆನ್ ದೇಶಗಳಲ್ಲಿ ಒಟ್ಟು ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ 90 ದಿನ. ವಿಮಾನದ ಟಿಕೆಟ್ ಇಲ್ಲದ ಅರ್ಜಿ ಕಂಡಾಗ ಅಧಿಕಾರಿಗೆ ಅನುಮಾನ ಬರುವುದು ಸಹಜ. ಆದ್ದರಿಂದ ದಾರಿಯ ವಿವರ, ಬೈಕಿನ ದಾಖಲೆ, ಬ್ಯಾಂಕ್ ಲೆಕ್ಕ, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇವನ್ನೆಲ್ಲ ಜೋಡಿಸಿ, ನೀವೇ ಯೋಚಿಸಿ ಬರೆದ ಒಂದು ಪತ್ರವನ್ನು ಇಡಿ. ಏಜೆಂಟ್ ಕೊಟ್ಟ ಸಿದ್ಧ ನಮೂನೆಯನ್ನಲ್ಲ. ವಿಮೆಯ ಷರತ್ತಿನಲ್ಲಿ ಎಷ್ಟು ಸಿಸಿಯ ಬೈಕಿಗೆ ರಕ್ಷಣೆ ಎಂಬುದನ್ನು ಕಣ್ಣಿಟ್ಟು ಓದಿ. ದೊಡ್ಡ ಬೈಕನ್ನು ಹೊರಗಿಡುವ ಪಾಲಿಸಿಗಳು ಬೇಕಾದಷ್ಟಿವೆ.

ಸುದ್ದಿಯ ತಲೆಬರಹ ನಂಬಿ ಹೊರಡಬೇಡಿ ಎನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 2024ರ ಫೆಬ್ರುವರಿಯಲ್ಲಿ ಭಾರತೀಯರಿಗೆ ಇರಾನ್ ವೀಸಾ ಬೇಕಿಲ್ಲ ಎಂಬ ಸುದ್ದಿ ಎಲ್ಲ ಕಡೆ ಬಂತು. ಆ ವಿನಾಯಿತಿ ಇದ್ದದ್ದು ವಿಮಾನದಲ್ಲಿ ಬಂದಿಳಿಯುವ ಪ್ರವಾಸಿಗರಿಗೆ, ಹದಿನೈದು ದಿನಕ್ಕೆ. ಬೈಕಿನೊಡನೆ ಬಂದರಿನಲ್ಲಿ ಇಳಿಯುವವರಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಮುಂದೆ ಅದೂ ನಿಂತಿತು. ಈ ಪತ್ರದಲ್ಲಿ ನಾನು ಬರೆದ ನಿಯಮಗಳೂ ಬದಲಾಗಬಹುದು. ಅರ್ಜಿ ಹಾಕುವ ವಾರ ಆಯಾ ದೂತಾವಾಸದಲ್ಲೇ ಮತ್ತೆ ವಿಚಾರಿಸಿ.

ನಮ್ಮವರಿಗೇ ಹೆಚ್ಚಾಗಿ ಬಾಧಿಸುವ ತೊಡಕೊಂದಿದೆ: ಹೆಸರು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬಿಡಿಸಿ ಬರೆದಿರುತ್ತದೆ, ಆರ್‌ಸಿಯಲ್ಲಿ ಇನಿಷಿಯಲ್ ಕೊನೆಗಿರುತ್ತದೆ, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಮೊದಲಿಗಿರುತ್ತದೆ, ಕೆಲವೊಮ್ಮೆ ಊರ ಹೆಸರೂ ಸೇರಿಕೊಂಡಿರುತ್ತದೆ. ನಮಗೆ ಇವೆಲ್ಲ ಒಬ್ಬನೇ ಮನುಷ್ಯ. ಕನ್ನಡವೂ ಗೊತ್ತಿಲ್ಲದ, ಇಂಗ್ಲಿಷೂ ಅಷ್ಟಾಗಿ ಬಾರದ ಗಡಿ ಅಧಿಕಾರಿಗೆ ಅವರು ಮೂವರು ಬೇರೆ ಬೇರೆ ಮನುಷ್ಯರು, ಮತ್ತು ಅವರಲ್ಲೊಬ್ಬ ಇನ್ನೊಬ್ಬನ ಗಾಡಿ ಕದ್ದಿದ್ದಾನೆ. ಒಂದು ಗಡಿಯಲ್ಲಿ ನನ್ನ ಮುಂದೆಯೇ ನಿಂತಿದ್ದ ತುಮಕೂರಿನ ಕಡೆಯ ಯುವಕನೊಬ್ಬ ಇದೇ ಕಾರಣಕ್ಕೆ ಇಡೀ ದಿನ ಬೆಂಚಿನ ಮೇಲೆ ಕೂತಿದ್ದ. ಹೊರಡುವ ಬಹಳ ಮೊದಲೇ ಎಲ್ಲ ದಾಖಲೆಗಳಲ್ಲೂ ಹೆಸರನ್ನು ಅಕ್ಷರ ಅಕ್ಷರಕ್ಕೂ ಒಂದೇ ಮಾಡಿಸಿ. ಬೈಕು ಸಾಲದ್ದಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿರುತ್ತದೆ. ಅದನ್ನು ದೇಶದಾಚೆ ಒಯ್ಯಲು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ತೆಗೆದಿಟ್ಟುಕೊಳ್ಳಿ. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಆಯುಸ್ಸು ಒಂದೇ ವರ್ಷ, ಅದನ್ನು ಅವಸರದಲ್ಲಿ ಮೊದಲೇ ಮಾಡಿಸಿಡಬೇಡಿ.

ಈಗ ಕಾರ್ನೆ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೇರೆ ದೇಶದೊಳಕ್ಕೆ ಬೈಕು ಒಯ್ಯುವುದೆಂದರೆ ಕಾನೂನಿನ ಕಣ್ಣಲ್ಲಿ ಅದನ್ನು ಆಮದು ಮಾಡಿದಂತೆ. ಸುಂಕ ಕಟ್ಟದೆ ಒಳಗೆ ಹೋಗಲು, ‘ಇದನ್ನು ಮಾರದೆ ವಾಪಸು ಒಯ್ಯುತ್ತೇನೆ’ ಎಂಬುದಕ್ಕೆ ಜಾಮೀನು ಬೇಕು. ಆ ಜಾಮೀನಿನ ಪುಸ್ತಕವೇ ಕಾರ್ನೆ ದ ಪಸಾಜ್. ನಮ್ಮಲ್ಲಿ ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ನಂಥ ಸಂಸ್ಥೆಗಳು ಅದನ್ನು ಕೊಡುತ್ತವೆ, ಒಂದು ವರ್ಷದ ಅವಧಿಗೆ. ಬದಲಿಗೆ ಬ್ಯಾಂಕ್ ಗ್ಯಾರಂಟಿ ಕೇಳುತ್ತವೆ. ಮೊತ್ತ ಬೈಕಿನ ಬೆಲೆ ಮತ್ತು ನೀವು ಹೋಗುವ ದೇಶಗಳನ್ನು ಅವಲಂಬಿಸಿದೆ. ಅದು ಬೈಕಿನ ಬೆಲೆಯನ್ನೇ ಮೀರಬಹುದು. ಆ ಹಣ ಖರ್ಚಾಗುವುದಿಲ್ಲ, ಆದರೆ ಪ್ರಯಾಣ ಮುಗಿಯುವವರೆಗೆ ಕೈಗೂ ಸಿಗುವುದಿಲ್ಲ. ನಿಮ್ಮ ಬಜೆಟ್‌ನಲ್ಲಿ ಪೆಟ್ರೋಲಿಗೆ ಬರೆದ ಹಣದಿಂದ ಇದನ್ನು ತೆಗೆಯಲಾಗದು.

ಪುಸ್ತಕದ ಪ್ರತಿ ಹಾಳೆಯೂ ಮೂರು ತುಂಡು. ಒಳಗೆ ಹೋಗುವಾಗ ಒಂದನ್ನು ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಇನ್ನೊಂದನ್ನು, ಎರಡೂ ಮೊಹರು ಬಿದ್ದ ಮೂರನೆಯ ತುಂಡು ನಿಮ್ಮ ಬಳಿ ಉಳಿಯುತ್ತದೆ. ಹೊರಗೆ ಬಂದ ಮೊಹರು ಇಲ್ಲದಿದ್ದರೆ ಆ ದೇಶದ ಲೆಕ್ಕದಲ್ಲಿ ನಿಮ್ಮ ಬೈಕು ಅಲ್ಲೇ ಮಾರಾಟವಾಗಿದೆ. ಸುಂಕದ ಬೇಡಿಕೆ ನಿಮ್ಮ ಬ್ಯಾಂಕ್ ಗ್ಯಾರಂಟಿಯವರೆಗೆ ಬರುತ್ತದೆ. ದಣಿದ ಅಧಿಕಾರಿ ಕೈಯಾಡಿಸಿ ಹೋಗು ಎನ್ನುತ್ತಾನೆ, ಹಿಂದಿನ ಲಾರಿಗಳು ಹಾರ್ನ್ ಹಾಕುತ್ತವೆ. ಆಗಲೂ ಬೈಕ್ ಸ್ಟಾರ್ಟ್ ಮಾಡಬೇಡಿ. ನಗುನಗುತ್ತಾ, ಕೈಮುಗಿದು, ಹಾಳೆ ತೋರಿಸಿ, ಮೊಹರು ಕಣ್ಣಾರೆ ಕಂಡ ಮೇಲೆಯೇ ಹೊರಡಿ. ನಾನು ಹಾಗೆ ಕಾಯುತ್ತಿದ್ದಾಗ ಮುಂದೆ ಹೊರಟುಹೋಗಿದ್ದ ಬೇರೆ ದೇಶದ ಸವಾರನೊಬ್ಬ ಎರಡು ದಿನದ ನಂತರ ಅದೇ ಗಡಿಗೆ ಹಿಂದಿರುಗಬೇಕಾಯಿತೆಂದು ಮುಂದಿನ ಊರಿನಲ್ಲಿ ತಿಳಿಯಿತು. ಟರ್ಕಿಗೆ, ಯುರೋಪಿಗೆ ಕಾರ್ನೆ ಬೇಕಿಲ್ಲ. ಯುಎಇ, ಇರಾನ್‌ಗಳಿಗೆ ಬೇಕು.

ಸಾಗಣೆಯ ವಿಚಾರ ಚುಟುಕಾಗಿ. ಪೆಟ್ರೋಲ್ ಖಾಲಿ ಮಾಡಿಸಬೇಕು, ಬ್ಯಾಟರಿ ಬಿಡಿಸಬೇಕು, ಪೆಟ್ಟಿಗೆಯ ಮರ ಶಾಖದಿಂದ ಸಂಸ್ಕರಿಸಿ ಮುದ್ರೆ ಒತ್ತಿದ್ದಾಗಿರಬೇಕು. ವಿಮಾನದಲ್ಲಿ ತೂಕಕ್ಕಿಂತ ಗಾತ್ರವೇ ದುಬಾರಿ, ಒಂದು ಘನ ಮೀಟರನ್ನು 167 ಕಿಲೋ ಎಂದು ಲೆಕ್ಕ ಹಾಕುತ್ತಾರೆ. ಮುಂದಿನ ಚಕ್ರ, ಹ್ಯಾಂಡಲ್ ಬಿಚ್ಚಿ ಪೆಟ್ಟಿಗೆ ಚಿಕ್ಕದಾಗಿಸಿದಷ್ಟೂ ಹಣ ಉಳಿಯುತ್ತದೆ. ಹಡಗಿನ ಬಾಡಿಗೆ ಕಡಿಮೆಯೆಂದು ಹಿಗ್ಗಬೇಡಿ. ಇಳಿಸುವ ಬಂದರಿನ ಶುಲ್ಕಗಳನ್ನು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಮತ್ತು ಬೈಕ್ ವಾಪಸು ಬರುವ ಖರ್ಚನ್ನು ಹೊರಡುವ ದಿನವೇ ಬೇರೆ ಖಾತೆಯಲ್ಲಿಡಿ.

ಯಾವ ಬೈಕು ಎಂದು ನೀವು ಗಂಟೆಗಟ್ಟಲೆ ಚರ್ಚಿಸುತ್ತೀರಿ. ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ಚಿಕ್ಕ ಪ್ರಶ್ನೆ. ವಿಶಾಖಪಟ್ಟಣದ ಭಾರದ್ವಾಜ್ ದಯಾಲ 2006ರಲ್ಲಿ ಹೊರಟು ಜಗತ್ತು ಸುತ್ತಿದ್ದು ಹೀರೋ ಹೋಂಡಾ ಕರಿಜ್ಮಾದಲ್ಲಿ. ನೀವು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲ, ಕಾಲು ಎರಡೂ ನೆಲಕ್ಕೆ ಊರುವ, ಬಿದ್ದರೆ ಒಬ್ಬರೇ ಎತ್ತಬಲ್ಲ ಬೈಕು ಸಾಕು. ಚೀಲದಲ್ಲಿ ಕ್ಲಚ್ ಕೇಬಲ್, ಲಿವರ್, ಟ್ಯೂಬ್, ಚೈನ್ ಲಿಂಕ್ ಇರಲಿ.

ಚೀಲದಲ್ಲಿ ಇರಬಾರದ್ದನ್ನು ಹೇಳುವುದು ಹೆಚ್ಚು ಮುಖ್ಯ. ತಾಯಂದಿರು ಕಟ್ಟಿಕೊಡುವ ಪುಡಿ, ಮಸಾಲೆಗಳ ಪೊಟ್ಟಣಗಳಲ್ಲಿ ಗಸಗಸೆ ಇದೆಯೇ ಎಂದು ಬಿಚ್ಚಿ ನೋಡಿ. ಯುಎಇಯಲ್ಲಿ ಗಸಗಸೆ ನಿಷಿದ್ಧ ವಸ್ತು, ಅದಕ್ಕಾಗಿ ಜೈಲು ಕಂಡವರಿದ್ದಾರೆ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧ ಕೂಡ ಹಾಗೆಯೇ. ವೈದ್ಯರ ಚೀಟಿಯಿಲ್ಲದೆ ಯಾವ ಮಾತ್ರೆಯನ್ನೂ ಒಯ್ಯಬೇಡಿ. ಸ್ಯಾಟಲೈಟ್ ಫೋನ್ ತರಿಸಿಕೊಳ್ಳುತ್ತೇವೆ ಎನ್ನುತ್ತೀರಿ. ಅನುಮತಿಯಿಲ್ಲದೆ ಅದನ್ನು ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಇರಾನಿನಲ್ಲಿ ನಮ್ಮ ಯಾವ ಕಾರ್ಡೂ ನಡೆಯುವುದಿಲ್ಲ, ನೋಟು ಬೇಕು. ಎಲ್ಲವನ್ನೂ ಒಂದೇ ಕಡೆ ಇಡಬೇಡಿ. 1982ರಿಂದ 84ರವರೆಗೆ ಬಿಎಂಡಬ್ಲ್ಯು ಬೈಕಿನಲ್ಲಿ ಭೂಮಿ ಸುತ್ತಿದ ಎಲ್‌ಸ್ಪೆತ್ ಬಿಯರ್ಡ್ ಅವರ ಪಾಸ್‌ಪೋರ್ಟ್, ವೀಸಾಗಳು ಸಿಂಗಪುರದಲ್ಲಿ ಕಳವಾಗಿ, ಮತ್ತೆ ಮಾಡಿಸಲು ಆರು ವಾರ ಹಿಡಿಯಿತು. ಆರು ವಾರದ ಸಡಿಲ ನಿಮ್ಮ ಯೋಜನೆಯಲ್ಲಿ ಇದೆಯೇ?

ದಿನ ಗೊತ್ತುಮಾಡಿದವರು ಕಳೆದುಕೊಳ್ಳುವುದು ಸುರಕ್ಷತೆಯನ್ನಷ್ಟೇ ಅಲ್ಲ. ಇರಾನಿನ ತಬ್ರೀಜ್‌ನಲ್ಲಿ ನನ್ನ ಬೈಕಿನ ಚೈನ್ ಬಿಗಿ ಮಾಡಿದ ಮೆಕ್ಯಾನಿಕ್ ಹಣ ಬೇಡವೆಂದ. ಅಲ್ಲಿ ಹಾಗೆ ಮೂರು ಸಲ ಬೇಡವೆನ್ನುವುದು ಮರ್ಯಾದೆಯ ಪದ್ಧತಿ, ನಾವು ಮೂರು ಸಲ ಒತ್ತಾಯಿಸಿ ಕೊಡಬೇಕು. ನಾಲ್ಕನೆಯ ಸಲವೂ ಅವನು ಬೇಡವೆಂದು ಮನೆಗೆ ಕರೆದೊಯ್ದ. ಅವನ ತಾಯಿ ಬಡಿಸಿದ ಅನ್ನದ ತಳದಲ್ಲಿ ಬೇಕೆಂದೇ ಹತ್ತಿಸಿದ ಗರಿಗರಿ ಸೀಕು ಇತ್ತು, ಅದನ್ನು ಅತಿಥಿಗೇ ಮೊದಲು ಕೊಡುತ್ತಾರೆ. ಆ ರಾತ್ರಿ ಅಲ್ಲೇ ಮಲಗಿದೆ. ನಾಳೆ ಇಂಥ ಊರಿನಲ್ಲಿ ನಿಮ್ಮನ್ನು ಸ್ವಾಗತಿಸಲು ಕನ್ನಡ ಸಂಘದವರು ಹಾರ ಹಿಡಿದು ಕಾಯುತ್ತಿದ್ದಾರೆ ಎಂದಾದರೆ ಆ ಮನೆಗೆ ನೀವು ಹೋಗಲಾರಿರಿ. ಕತ್ತಲಾದರೂ ಓಡಿಸುತ್ತೀರಿ. ದೀಪವಿಲ್ಲದ ಟ್ರ್ಯಾಕ್ಟರ್, ರಸ್ತೆಗೆ ನುಗ್ಗುವ ಕುರಿಹಿಂಡು, ನಮಗೆ ಅಭ್ಯಾಸವಿಲ್ಲದ ಬಲಬದಿಯ ಸಂಚಾರ. ಇವುಗಳ ನಡುವೆ ರಾತ್ರಿ ಸವಾರಿ ಬೇಡವೇ ಬೇಡ. ದಿನಕ್ಕೆ 250, 300 ಕಿಲೋಮೀಟರ್ ಸಾಕು. ಗಡಿಯ ದಿನ ಸೊನ್ನೆ ಎಂದೇ ಬರೆದುಕೊಳ್ಳಿ, ವಾರಕ್ಕೊಂದು ದಿನ ಬೈಕ್ ಮುಟ್ಟಬೇಡಿ.

ಪ್ರಾಯೋಜಕರಿದ್ದರೆ ಅವರಿಗೂ ಇದನ್ನೇ ಹೇಳಿ: ನಾವು ಲಂಡನ್ ಮುಟ್ಟುವ ತಿಂಗಳು ಹೇಳಬಲ್ಲೆವು, ದಿನ ಹೇಳಲಾರೆವು; ಅರ್ಧದಿಂದ ಹಿಂದಿರುಗಿದರೂ ಹಣ ಕೇಳಕೂಡದು. ಇದನ್ನು ಒಪ್ಪಂದದಲ್ಲಿ ಬರೆಸಿ. ಒಪ್ಪದವರ ಹಣ ಬೇಡ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ. ನಿಮಗೆ ಈ ದಾರಿ ಆಗದೆಂದು ಹೇಳುವವರು ನಿಮ್ಮ ಸುತ್ತ ಬೇಕಾದಷ್ಟಿರುತ್ತಾರೆ, ನಾನು ಅವರಲ್ಲೊಬ್ಬನಲ್ಲ. ಇರಾನಿನಲ್ಲಿ ಹೆಲ್ಮೆಟ್ ತೆಗೆದ ಕೂಡಲೇ ತಲೆಗೆ ವಸ್ತ್ರ ಬೇಕೆಂಬ ಕಾನೂನು ವಿದೇಶಿಯರಿಗೂ ಅನ್ವಯಿಸುತ್ತದೆ, ಅದನ್ನು ಜೇಬಿನಲ್ಲೇ ಇಡಿ. ಉಳಿದಂತೆ ನಾನು ಗಂಡಸರಿಗೆ ಹೇಳಿದ್ದೆಲ್ಲವೂ ನಿಮಗೂ ಸಲ್ಲುತ್ತದೆ.

ತಂದೆ ತಾಯಿಯರನ್ನು ಕೂರಿಸಿಕೊಂಡು ಭೂಪಟ ಬಿಡಿಸಿ. ಎಲ್ಲಿ ಫೋನ್ ಸಿಗುವುದಿಲ್ಲ, ಎಷ್ಟು ದಿನ ಸುದ್ದಿಯಿಲ್ಲದಿದ್ದರೆ ಯಾರನ್ನು ಕೇಳಬೇಕು ಎಂದು ಬರೆದುಕೊಡಿ. ಬ್ಯಾಂಕ್ ಖಾತೆಗೆ ನಾಮಿನಿ ಮಾಡಿ. ಮನೆಯಿಂದ ಕೆಟ್ಟ ಸುದ್ದಿ ಬಂದರೆ ಏನು ಎಂಬ ಪ್ರಶ್ನೆಯನ್ನೂ ಆಡಿಬಿಡಿ, ಅಪಶಕುನವೆಂದು ತಳ್ಳಬೇಡಿ. ನನ್ನ ಸ್ನೇಹಿತರೊಬ್ಬರು ಪೂರ್ವ ಟರ್ಕಿಯಲ್ಲಿದ್ದಾಗ ಅವರ ತಂದೆಗೆ ಹೃದಯಾಘಾತವಾಯಿತು. ಅಲ್ಲಿ ನೀವು ತಂದ ವಾಹನ ನಿಮ್ಮ ಪಾಸ್‌ಪೋರ್ಟಿನ ಹೆಸರಿಗೆ ದಾಖಲಾಗಿರುತ್ತದೆ, ಅದನ್ನು ಕಸ್ಟಮ್ಸ್ ವಶಕ್ಕೆ ಒಪ್ಪಿಸದೆ ನೀವು ವಿಮಾನ ಹತ್ತುವಂತಿಲ್ಲ. ಆ ಕೆಲಸಕ್ಕೆ ಎರಡು ದಿನ ಹೋಯಿತು. ತಂದೆ ಉಳಿದರು, ಆದರೆ ಆ ಎರಡು ದಿನ ಸ್ನೇಹಿತ ಫೋನಿನಲ್ಲಿ ಮಾತಾಡಲಾಗದೆ ಅತ್ತದ್ದನ್ನು ನಾನು ಕೇಳಿದ್ದೇನೆ. ಹೋಗುವ ಪ್ರತಿ ದೇಶದಲ್ಲೂ ಬೈಕನ್ನು ಹೀಗೆ ಬಿಟ್ಟುಬರುವ ವಿಧಾನ ಯಾವುದು, ಯಾವ ಊರಿನ ಕಸ್ಟಮ್ಸ್ ಕಚೇರಿ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಇದೆಲ್ಲದಕ್ಕೂ ಮುನ್ನ ನೇಪಾಳಕ್ಕೊಮ್ಮೆ ಹೋಗಿ ಬನ್ನಿ. ಕಾರ್ನೆ ಬೇಡ, ವೀಸಾ ಬೇಡ. ಸುನೌಲಿ ಅಥವಾ ರಕ್ಸೌಲ್ ಗಡಿಯಲ್ಲಿ ದಿನದ ಲೆಕ್ಕದಲ್ಲಿ ಹಣ ಕಟ್ಟಿ ‘ಭನ್ಸಾರ್’ ಎಂಬ ಕಸ್ಟಮ್ಸ್ ಚೀಟಿ ಮಾಡಿಸಬೇಕು, ಬರುವಾಗ ಆ ಚೀಟಿ ಒಪ್ಪಿಸಿ ಬರಬೇಕು. ನಿಮ್ಮ ವಿಮಾ ಕಂಪನಿಗೆ ಹೆಚ್ಚುವರಿ ಶುಲ್ಕ ಕಟ್ಟಿದರೆ ಪಾಲಿಸಿ ನೇಪಾಳಕ್ಕೂ ವಿಸ್ತರಿಸುತ್ತದೆ. ಗಡಿಯ ಸಾಲು, ಬೇರೆ ಹಣ, ಅರ್ಥವಾಗದ ರಸೀದಿ, ಜೊತೆಗಾರರ ಸಿಡಿಮಿಡಿ ಎಲ್ಲವೂ ಅಲ್ಲಿ ಸಣ್ಣ ಪ್ರಮಾಣದಲ್ಲಿ ಸಿಗುತ್ತದೆ. ಯಾರೊಡನೆ ದೂರ ಹೋಗಬಹುದು, ಯಾರೊಡನೆ ಆಗದು ಎಂಬುದೂ ಗೊತ್ತಾಗುತ್ತದೆ.

ಕೊನೆಯದಾಗಿ, ಹೆಚ್ಚಿನವರು ಮರೆಯುವ ಒಂದು ಕೆಲಸ. ಬೈಕ್ ಮುಂಬೈಗೆ ಮರಳಿದಾಗ ಇಲ್ಲಿನ ಕಸ್ಟಮ್ಸ್‌ನಲ್ಲೂ ಕಾರ್ನೆಗೆ ಮರುಪ್ರವೇಶದ ಮೊಹರು ಹಾಕಿಸಿ, ಅವಧಿ ಮುಗಿಯುವ ಮೊದಲೇ ಪುಸ್ತಕವನ್ನು ಕೊಟ್ಟ ಸಂಸ್ಥೆಗೆ ಒಪ್ಪಿಸಿ, ಬ್ಯಾಂಕ್ ಗ್ಯಾರಂಟಿ ಬಿಡುಗಡೆಯಾಗಿದೆ ಎಂಬ ಪತ್ರ ಕೈಗೆ ಬರುವವರೆಗೆ ಬೆನ್ನು ಬಿಡಬೇಡಿ. ಸನ್ಮಾನ, ಸಂದರ್ಶನ ಎಲ್ಲವೂ ಅದರ ನಂತರ ಇರಲಿ. ಕಾಗದಪತ್ರದ ಬಗ್ಗೆ ಏನೇ ಸಂದೇಹವಿದ್ದರೂ ಹೊರಡುವ ವರ್ಷಕ್ಕೆ ಮೊದಲೇ ಬನ್ನಿ. ಜೊತೆಗೆ ಕೂತು ನೋಡಲು ನಾನು ಸಿದ್ಧ.

ಇತಿ,
ನಿಮ್ಮ ಹಿತೈಷಿ,
ಹಿರಿಯ ಸವಾರನೊಬ್ಬ
ದಾವಣಗೆರೆ